ಇಮ್ಮಡಿ ತೈಲಪ

ಇಮ್ಮಡಿ ತೈಲಪ (ಆಳ್ವಿಕೆ: ಕ್ರಿ.ಶ. 973–997) ಕಲ್ಯಾಣ ಚಾಲುಕ್ಯ ರಾಜವಂಶದ ಸ್ಥಾಪಕ. ಶಾಸನಗಳಲ್ಲಿ ಈತನನ್ನು ತೈಲ, ತೈಲಪರಸ, ಆಹವಮಲ್ಲ, ನೂರ್ಮಡಿ ತೈಲಪ ಎಂಬ ಹೆಸರುಗಳಿಂದ ಕರೆಯಲಾಗಿದೆ. ಮಾನ್ಯಖೇಟದ ರಾಷ್ಟ್ರಕೂಟರ ಅಧೀನದಲ್ಲಿ, ಇಂದಿನ ವಿಜಯಪುರ ಜಿಲ್ಲೆಯ ಭಾಗವಾದ ತರ್ದವಾಡಿ ಸಾವಿರ ನಾಡನ್ನು ಆಳುತ್ತಿದ್ದ ಈತ, ಕೊನೆಯ ರಾಷ್ಟ್ರಕೂಟ ಅರಸ ಇಮ್ಮಡಿ ಕರ್ಕನನ್ನು 973ರಲ್ಲಿ ಸೋಲಿಸಿ ಸ್ವತಂತ್ರ ರಾಜ್ಯವನ್ನು ಕಟ್ಟಿದನು. ಈತನು ಸ್ಥಾಪಿಸಿದ ವಂಶವು ನಡುವಣ ಕಳಚುರಿಗಳ ಅವಧಿಯನ್ನು ಬಿಟ್ಟರೆ ಹನ್ನೆರಡನೆಯ ಶತಮಾನದ ಕೊನೆಯವರೆಗೂ ಕರ್ನಾಟಕದ ಬಹುಭಾಗವನ್ನು ಆಳಿತು. ಮುಧೋಳದ ಕವಿ ರನ್ನನಿಗೆ ಕವಿಚಕ್ರವರ್ತಿ ಎಂಬ ಬಿರುದನ್ನಿತ್ತು ಗೌರವಿಸಿದ ಅರಸನೆಂದು ಕನ್ನಡ ಸಾಹಿತ್ಯ ಚರಿತ್ರೆಯಲ್ಲಿಯೂ ಈತನಿಗೆ ಸ್ಥಾನವಿದೆ.

ವಂಶ ಮತ್ತು ಹಿನ್ನೆಲೆ

ತೈಲಪನ ತಂದೆ ನಾಲ್ಕನೆಯ ವಿಕ್ರಮಾದಿತ್ಯ. ತಾಯಿ ಬೊಂತಾದೇವಿ, ಚೇದಿ ದೇಶದ ಕಳಚುರಿ ಅರಸ ಲಕ್ಷ್ಮಣರಾಜನ ಮಗಳು. ಹೆಂಡತಿ ಜಾಕಬ್ಬೆ ರಾಷ್ಟ್ರಕೂಟ ಕುಲದ ಭಮ್ಮಹನ ಮಗಳು. ಈ ದಂಪತಿಗಳಿಗೆ ಸತ್ಯಾಶ್ರಯ ಮತ್ತು ದಶವರ್ಮ ಎಂಬ ಇಬ್ಬರು ಗಂಡುಮಕ್ಕಳಿದ್ದರು. ಹೀಗೆ ತಾಯಿಯ ಕಡೆಯಿಂದ ಮಧ್ಯಭಾರತದ ಪ್ರಬಲ ರಾಜಮನೆತನದೊಂದಿಗೂ ಹೆಂಡತಿಯ ಕಡೆಯಿಂದ ತಾನೇ ಮುಂದೆ ಕೆಳಗಿಳಿಸಿದ ರಾಜಕುಲದೊಂದಿಗೂ ತೈಲಪನಿಗೆ ಸಂಬಂಧವಿತ್ತು.

ಮೊದಲನೆಯ ಪುಲಿಕೇಶಿ ಸ್ಥಾಪಿಸಿದ ಬಾದಾಮಿ ಚಾಲುಕ್ಯ ರಾಜ್ಯವನ್ನು ಕ್ರಿ.ಶ. 753ರ ಸುಮಾರಿಗೆ ರಾಷ್ಟ್ರಕೂಟ ದಂತಿದುರ್ಗನು ಕಿತ್ತುಕೊಂಡಿದ್ದನು. ತೈಲಪನ ಮನೆತನದವರು ತಾವು ಅದೇ ಬಾದಾಮಿ ವಂಶದ ಕುಡಿಗಳೆಂದು ಹೇಳಿಕೊಂಡರು. ತೈಲಪನ ಮೊಮ್ಮಗ ಐದನೆಯ ವಿಕ್ರಮಾದಿತ್ಯನ 1009ರ ಕೌಠೇಂ ತಾಮ್ರಶಾಸನದಲ್ಲಿ ಈ ವಂಶಾವಳಿಯು ವಿಸ್ತಾರವಾಗಿ ದೊರೆಯುತ್ತದೆ. ಅದರಂತೆ ಬಾದಾಮಿಯ ಇಮ್ಮಡಿ ವಿಕ್ರಮಾದಿತ್ಯನ ತಮ್ಮ ಭೀಮನಿಂದ ಆರಂಭವಾದ ಶಾಖೆಯೊಂದು ಕೀರ್ತಿವರ್ಮ, ತೈಲ, ವಿಕ್ರಮಾದಿತ್ಯ, ಭೀಮ, ಅಯ್ಯಣ ಎಂಬ ಅರಸರ ಮೂಲಕ ತೈಲಪನ ತಂದೆಯವರೆಗೆ ಮುಂದುವರಿಯಿತು. ಇವರಲ್ಲಿ ಅಯ್ಯಣನು ರಾಷ್ಟ್ರಕೂಟ ಇಮ್ಮಡಿ ಕೃಷ್ಣನ ಮಗಳನ್ನು ಮದುವೆಯಾಗಿದ್ದನು.

ಈ ವಂಶಾವಳಿಯ ವಿಶ್ವಾಸಾರ್ಹತೆಯ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ರಾ. ಗೋ. ಭಂಡಾರಕರ್ ಮೊದಲಾದವರು ಇದನ್ನು ಸಂದೇಹದಿಂದ ನೋಡಿದ್ದಾರೆ. ಸುಮಾರು 220 ವರ್ಷಗಳ ಅಂತರವನ್ನು ಕೆಲವೇ ಹೆಸರುಗಳಿಂದ ತುಂಬಿರುವುದು ಮತ್ತು ಈ ಸಂಪೂರ್ಣ ಪಟ್ಟಿ ಮನೆತನವು ಸಿಂಹಾಸನವನ್ನೇರಿದ ಮೇಲಷ್ಟೇ ಬರವಣಿಗೆಗೆ ಬಂದಿರುವುದು ಸಂದೇಹಕ್ಕೆ ಎಡೆಗೊಟ್ಟಿವೆ. ರಕ್ತಸಂಬಂಧ ಹೇಗೇ ಇದ್ದರೂ ಹೊಸ ಅರಸನು ತನ್ನನ್ನು ಅಧಿಕಾರ ಕಸಿದುಕೊಂಡ ಸಾಮಂತನೆಂದು ಅಲ್ಲ, ಕಳೆದುಹೋದ ರಾಜ್ಯವನ್ನು ಮರಳಿ ಪಡೆದ ವಾರಸುದಾರನೆಂದು ತೋರಿಸಿಕೊಳ್ಳಲು ಈ ಹಕ್ಕುಸಾಧನೆಯು ನೆರವಾಯಿತು. ವರಾಹ ಲಾಂಛನವೂ, ಬಾದಾಮಿಯ ಅರಸರ ಸತ್ಯಾಶ್ರಯ ಎಂಬ ಬಿರುದನ್ನು ಹಿರಿಯ ಮಗನಿಗೆ ಹೆಸರಾಗಿ ಇಟ್ಟಿರುವುದೂ ಇದೇ ಉದ್ದೇಶವನ್ನು ಸೂಚಿಸುತ್ತವೆ.

ತರ್ದವಾಡಿಯ ಸಾಮಂತ

ತೈಲಪನ ಹೆಸರು ಮೊದಲು ಕಾಣಿಸಿಕೊಳ್ಳುವುದು ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ (939–967) ಕಾಲದ ಶಾಸನಗಳಲ್ಲಿ. 957ರಲ್ಲಿ ಆತನು ಚಕ್ರವರ್ತಿಯ ಅಧೀನ ಅಧಿಕಾರಿಗಳಲ್ಲೊಬ್ಬನಾಗಿದ್ದನು. 965ರ ಹೊತ್ತಿಗೆ ಮಹಾಸಾಮಂತಾಧಿಪತಿಯ ಪದವಿಗೇರಿ, ತರ್ದವಾಡಿ ಸಾವಿರ ನಾಡನ್ನು ಕೃಷ್ಣನಿಂದ ಅಣುಗಜೀವಿತವಾಗಿ, ಎಂದರೆ ಅರಸನ ಮೆಚ್ಚುಗೆಯ ಉಂಬಳಿಯಾಗಿ ಪಡೆದಿದ್ದನು.

ತರ್ದವಾಡಿಯೆಂದರೆ ಇಂದಿನ ವಿಜಯಪುರ ಜಿಲ್ಲೆಯಲ್ಲಿ ಭೀಮಾ ನದಿಯ ದಡದಲ್ಲಿರುವ ತದ್ದೇವಾಡಿ. ಈ ಊರನ್ನು ಕೇಂದ್ರವಾಗಿ ಹೊಂದಿದ್ದ ನಾಡು ಭೀಮಾ ಮತ್ತು ಕೃಷ್ಣಾ ನದಿಗಳ ನಡುವೆ ಹರಡಿತ್ತು. ಕೃಷ್ಣೆಯ ದಕ್ಷಿಣಕ್ಕೆ, ಘಟಪ್ರಭೆಯವರೆಗಿನ ನೆಲದಲ್ಲಿ ಇಂದಿನ ಜಮಖಂಡಿ, ರಬಕವಿ-ಬನಹಟ್ಟಿ, ಮುಧೋಳ, ಬೀಳಗಿ ಪ್ರದೇಶಗಳಿವೆ. ರಾಜಧಾನಿ ಮಾನ್ಯಖೇಟವು, ಎಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡವು, ತರ್ದವಾಡಿಯ ಪೂರ್ವಕ್ಕಿತ್ತು. ಚಕ್ರವರ್ತಿಯ ರಾಜಧಾನಿಗೆ ಇಷ್ಟು ಸಮೀಪದಲ್ಲಿದ್ದ ನಾಡನ್ನು ನಂಬಿಕೆಯ ಸಾಮಂತನಿಗಷ್ಟೇ ಕೊಡಲಾಗುತ್ತಿತ್ತು. ಮುಂದೆ ಸಾಮ್ರಾಜ್ಯ ಕುಸಿದಾಗ ಈ ಸಾಮೀಪ್ಯವೇ ತೈಲಪನಿಗೆ ಅನುಕೂಲವಾಯಿತು.

ರಾಷ್ಟ್ರಕೂಟರ ಪತನ

ಮುಮ್ಮಡಿ ಕೃಷ್ಣನ ಕಾಲದಲ್ಲಿ ರಾಷ್ಟ್ರಕೂಟರ ಪ್ರತಾಪವು ತಮಿಳುನಾಡಿನವರೆಗೂ ವ್ಯಾಪಿಸಿತ್ತು. 949ರಲ್ಲಿ ತಕ್ಕೋಲಂ ಯುದ್ಧದಲ್ಲಿ ಚೋಳ ಯುವರಾಜ ರಾಜಾದಿತ್ಯನು ಮಡಿದನು. ಆದರೆ ದೂರದ ದಂಡಯಾತ್ರೆಗಳು ಮತ್ತು ಸಾಮಂತರಿಗೆ ಕೊಟ್ಟ ವಿಸ್ತಾರವಾದ ಉಂಬಳಿಗಳು ಕೇಂದ್ರದ ಶಕ್ತಿಯನ್ನು ಕುಗ್ಗಿಸಿದ್ದವು. ಕೃಷ್ಣನು 967ರಲ್ಲಿ ತೀರಿಕೊಂಡ ಮೇಲೆ ತಮ್ಮ ಖೊಟ್ಟಿಗನು ಪಟ್ಟಕ್ಕೆ ಬಂದನು.

ಖೊಟ್ಟಿಗನ ಕಾಲದಲ್ಲಿ ಮಾಳವದ ಪರಮಾರ ಅರಸ ಸೀಯಕನು ನರ್ಮದೆಯ ದಡದಲ್ಲಿ ರಾಷ್ಟ್ರಕೂಟ ಸೇನೆಯನ್ನು ಸೋಲಿಸಿ ದಕ್ಷಿಣಕ್ಕೆ ನುಗ್ಗಿ 972ರಲ್ಲಿ ಮಾನ್ಯಖೇಟವನ್ನು ಸೂರೆಗೊಂಡನು. ಪ್ರಾಕೃತ ನಿಘಂಟುಕಾರ ಧನಪಾಲನು ತನ್ನ ಕೃತಿಯ ಕಾಲವನ್ನು ಈ ಸೂರೆಯ ವರ್ಷದಿಂದಲೇ ಗುರುತಿಸಿದ್ದಾನೆ. ಮಾನ್ಯಖೇಟದಲ್ಲಿ ಆಶ್ರಯ ಪಡೆದಿದ್ದ ಅಪಭ್ರಂಶ ಕವಿ ಪುಷ್ಪದಂತನು ನಗರ ಹಾಳಾದುದಕ್ಕಾಗಿ ಮರುಗಿದ್ದಾನೆ. ಈ ಆಘಾತದ ಬೆನ್ನಿಗೇ ಖೊಟ್ಟಿಗನು ತೀರಿಕೊಂಡನು. ಅವನ ತಮ್ಮನ ಮಗ ಇಮ್ಮಡಿ ಕರ್ಕನು ಅರಸನಾದನು. ಸೂರೆಯಾದ ರಾಜಧಾನಿಯಲ್ಲಿ ಕುಳಿತ ಹೊಸ ಅರಸನಿಗೆ ಸಾಮಂತರ ವಿಶ್ವಾಸವನ್ನು ಉಳಿಸಿಕೊಳ್ಳುವುದು ಸಾಧ್ಯವಾಗಲಿಲ್ಲ.

ಅಧಿಕಾರ ಗ್ರಹಣ

ಶಕವರ್ಷ 895, ಶ್ರೀಮುಖ ಸಂವತ್ಸರದಲ್ಲಿ, ಎಂದರೆ ಕ್ರಿ.ಶ. 973ರಲ್ಲಿ, ತೈಲಪನು ಕರ್ಕನ ವಿರುದ್ಧ ದಂಡೆತ್ತಿ ಅವನನ್ನು ಸೋಲಿಸಿದನು. ಈ ವರ್ಷದಿಂದಲೇ ತೈಲಪನ ಆಳ್ವಿಕೆ ಆರಂಭವಾಯಿತೆಂದು ಗದಗಿನ ಶಾಸನವೊಂದು ತಿಳಿಸುತ್ತದೆ. ಯುದ್ಧದಲ್ಲಿ ಕರ್ಕನ ಜೊತೆಗೆ ರಣಸ್ತಂಭನೆಂಬ ವೀರನೂ ಸೋತನೆಂದು ಚಾಲುಕ್ಯ ಶಾಸನಗಳು ಹೇಳುತ್ತವೆ. ಸೊರಬ ಪ್ರದೇಶದ 991ರ ಶಾಸನವೊಂದರಲ್ಲಿ ಕಕ್ಕಲನೆಂಬ ಅರಸನಿಗೆ ಸಾರ್ವಭೌಮ ಬಿರುದುಗಳಿವೆ. ಈತನು ಕರ್ಕನೇ ಆಗಿರಬಹುದು, ರಾಜಧಾನಿಯನ್ನು ಕಳೆದುಕೊಂಡ ಮೇಲೂ ದಕ್ಷಿಣದ ಮೂಲೆಯಲ್ಲಿ ಆತನು ಬಹುಕಾಲ ಬದುಕಿದ್ದಿರಬಹುದು ಎಂದು ಕೆಲವು ವಿದ್ವಾಂಸರು ಊಹಿಸಿದ್ದಾರೆ.

ತೈಲಪನು ಹೊಸ ರಾಜಧಾನಿಯನ್ನು ಕಟ್ಟಲಿಲ್ಲ. ಮಾನ್ಯಖೇಟವೇ ಆತನ ರಾಜಧಾನಿಯಾಗಿ ಮುಂದುವರಿಯಿತು. ಈ ವಂಶಕ್ಕೆ ಹೆಸರು ತಂದುಕೊಟ್ಟ ಕಲ್ಯಾಣವು, ಎಂದರೆ ಇಂದಿನ ಬಸವಕಲ್ಯಾಣವು, ರಾಜಧಾನಿಯಾದುದು ಹನ್ನೊಂದನೆಯ ಶತಮಾನದಲ್ಲಿ, ಮೊದಲನೆಯ ಸೋಮೇಶ್ವರನ ಕಾಲದಲ್ಲಿ. ಹೀಗಾಗಿ ಕಲ್ಯಾಣ ಚಾಲುಕ್ಯರ ಸ್ಥಾಪಕನು ಕಲ್ಯಾಣದಿಂದ ಆಳಿದವನಲ್ಲ.

ಗಂಗರ ಪ್ರತಿರೋಧ

ತೈಲಪನಿಗೆ ಮೊದಲು ಎದುರಾದ ದೊಡ್ಡ ವಿರೋಧವೆಂದರೆ ತಲಕಾಡಿನ ಗಂಗರದು. ಗಂಗ ಅರಸ ಇಮ್ಮಡಿ ಮಾರಸಿಂಹನು ರಾಷ್ಟ್ರಕೂಟರ ನಿಷ್ಠಾವಂತ ಸಾಮಂತನಾಗಿದ್ದನು. ಮುಮ್ಮಡಿ ಕೃಷ್ಣನ ಮೊಮ್ಮಗ ನಾಲ್ಕನೆಯ ಇಂದ್ರನು ಮಾರಸಿಂಹನ ಸೋದರಳಿಯ. ಆತನಿಗೆ ಪಟ್ಟಕಟ್ಟಿ ರಾಷ್ಟ್ರಕೂಟ ವಂಶವನ್ನು ಉಳಿಸಲು ಮಾರಸಿಂಹನು ಯತ್ನಿಸಿದನು. ಈ ಯತ್ನ ಫಲಿಸಲಿಲ್ಲ. ಮಾರಸಿಂಹನು ಬಂಕಾಪುರದಲ್ಲಿ ಜೈನಗುರು ಅಜಿತಸೇನ ಭಟ್ಟಾರಕನ ಸನ್ನಿಧಿಯಲ್ಲಿ ಸಲ್ಲೇಖನ ವ್ರತವನ್ನು ಕೈಗೊಂಡು ದೇಹತ್ಯಾಗ ಮಾಡಿದನು. ಶ್ರವಣಬೆಳಗೊಳದ ಕೂಗೆ ಬ್ರಹ್ಮದೇವರ ಕಂಬದ ಶಾಸನವು ಆತನ ಸಾಧನೆಗಳನ್ನೂ ಅಂತ್ಯವನ್ನೂ ದಾಖಲಿಸಿದೆ. ಇಂದ್ರನೂ 982ರಲ್ಲಿ ಶ್ರವಣಬೆಳಗೊಳದಲ್ಲಿ ಅದೇ ವ್ರತದಿಂದ ಪ್ರಾಣಬಿಟ್ಟನು. ಅಲ್ಲಿನ ಶಾಸನವು ರಾಜ್ಯವಿಲ್ಲದ ಈ ರಾಜಕುಮಾರನ ಚೆಂಡಾಟದ ಚಾತುರ್ಯವನ್ನು ದೀರ್ಘವಾಗಿ ಹೊಗಳುತ್ತದೆ.

ಮಾರಸಿಂಹನ ಬಳಿಕ ಗಂಗ ಮನೆತನದ ಪಾಂಚಾಲದೇವನು ಸ್ವತಂತ್ರನಾಗಲು ಯತ್ನಿಸಿದನು. 975ರ ಮುಳಗುಂದದ ಶಾಸನದಂತೆ ಆತನು ಕೃಷ್ಣಾ ನದಿಯವರೆಗಿನ ನಾಡಿನ ಮೇಲೆ ಒಡೆತನವನ್ನು ಸಾರಿದ್ದನು. ಈ ಹಕ್ಕನ್ನು ಒಪ್ಪಿದ್ದರೆ ಘಟಪ್ರಭೆ, ಮಲಪ್ರಭೆಗಳ ಕಣಿವೆಗಳೆಲ್ಲ ತೈಲಪನ ಕೈತಪ್ಪಿ ಆತನ ರಾಜ್ಯವು ಕೃಷ್ಣೆಯ ಉತ್ತರಕ್ಕೆ ಸೀಮಿತವಾಗುತ್ತಿತ್ತು. ತೈಲಪನು ಪಾಂಚಾಲನ ಮೇಲೆ ಯುದ್ಧಹೂಡಿ ಅವನನ್ನು ಕೊಂದನು. ಈ ಹೋರಾಟದಲ್ಲಿ ದಂಡನಾಯಕ ನಾಗದೇವನು ಪರಾಕ್ರಮ ಮೆರೆದನು. ಈ ಗೆಲುವಿನಿಂದ ತುಂಗಭದ್ರೆಯವರೆಗಿನ ಕನ್ನಡ ನಾಡು ಚಾಲುಕ್ಯರ ವಶವಾಯಿತು.

ಸಾಮಂತರು ಮತ್ತು ಪಶ್ಚಿಮದ ರಾಜ್ಯಗಳು

ರಾಷ್ಟ್ರಕೂಟರ ಕೆಳಗಿದ್ದ ಅನೇಕ ಮನೆತನಗಳು ಒಂದೊಂದಾಗಿ ಹೊಸ ಅರಸನನ್ನು ಒಪ್ಪಿಕೊಂಡವು. ಸವದತ್ತಿಯ ರಟ್ಟರು ಇವರಲ್ಲಿ ಪ್ರಮುಖರು. 980ರ ಸೊಗಲದ ಶಾಸನದಲ್ಲಿ ರಟ್ಟ ಕಾರ್ತವೀರ್ಯನು ತೈಲಪನ ಸಾಮಂತನಾಗಿ ಕೂಂಡಿ ನಾಡನ್ನು ಆಳುತ್ತಿದ್ದುದು ಕಂಡುಬರುತ್ತದೆ. ಕೂಂಡಿ ಮೂರು ಸಾವಿರ ನಾಡು ಇಂದಿನ ಬೆಳಗಾವಿ ಜಿಲ್ಲೆಯ ಬಹುಭಾಗವನ್ನೂ ರಬಕವಿ-ಬನಹಟ್ಟಿಗೆ ನೆರೆಯ ತೇರದಾಳ ಪ್ರದೇಶವನ್ನೂ ಒಳಗೊಂಡಿತ್ತು.

ಸೇವುಣ ದೇಶದ ಯಾದವ ಇಮ್ಮಡಿ ಭಿಲ್ಲಮನ ಹೆಂಡತಿ ರಾಷ್ಟ್ರಕೂಟ ಸಂಬಂಧದವಳು. ಆದರೂ ಆತನು ತೈಲಪನ ಪಕ್ಷ ವಹಿಸಿ ಪರಮಾರರ ವಿರುದ್ಧದ ಯುದ್ಧದಲ್ಲಿ ನೆರವಾದನು. ದಕ್ಷಿಣ ಗುಜರಾತಿನ ಲಾಟ ದೇಶವನ್ನು ತೈಲಪನು ತನ್ನ ಸೇನಾಪತಿ ಬಾರಪ್ಪನಿಗೆ ವಹಿಸಿದನೆಂದು ಗುಜರಾತಿನ ಕಥನಗಳು ತಿಳಿಸುತ್ತವೆ. ಬಾರಪ್ಪನು ಅಣಹಿಲವಾಡದ ಸೋಲಂಕಿ ಮೂಲರಾಜನೊಂದಿಗೆ ಹೋರಾಡಿದನು. ಅದೇ ಕಥನಗಳಂತೆ ಕೊನೆಗೆ ಮೂಲರಾಜನ ಮಗ ಚಾಮುಂಡರಾಜನಿಂದ ಹತನಾದನು.

ಎಲ್ಲರೂ ಸುಲಭವಾಗಿ ಮಣಿಯಲಿಲ್ಲ. ಉತ್ತರ ಕೊಂಕಣದ ಶಿಲಾಹಾರ ಅಪರಾಜಿತನು 997ರ ಭಾದಾನ ತಾಮ್ರಶಾಸನದಲ್ಲಿ, ರಾಷ್ಟ್ರಕೂಟ ಸಾಮ್ರಾಜ್ಯ ನಾಶವಾದುದನ್ನು ವಿಷಾದದಿಂದ ನೆನೆದು ಹಳೆಯ ಒಡೆಯರ ವಂಶಾವಳಿಯನ್ನೇ ಕೊಟ್ಟಿದ್ದಾನೆ. ಆ ಸಾಮ್ರಾಜ್ಯ ಅಳಿದು ಇಪ್ಪತ್ತನಾಲ್ಕು ವರ್ಷಗಳು ಕಳೆದ ಮೇಲೂ ಅದರ ನೆನಪಿಗೆ ಗೌರವವಿತ್ತೆಂಬುದಕ್ಕೆ ಇದು ಸಾಕ್ಷಿ. ತೈಲಪನು ಎದುರಿಸಬೇಕಾಗಿದ್ದುದು ಸೈನ್ಯಗಳನ್ನು ಮಾತ್ರವಲ್ಲ, ಈ ನೆನಪನ್ನೂ ಆಗಿತ್ತು.

ಚೋಳರೊಡನೆ ಯುದ್ಧ

ತಕ್ಕೋಲಂ ಸೋಲಿನಿಂದ ಚೇತರಿಸಿಕೊಳ್ಳುತ್ತಿದ್ದ ಚೋಳರು ರಾಷ್ಟ್ರಕೂಟರ ಪತನದ ಬಳಿಕ ಉತ್ತರದತ್ತ ಮುಖಮಾಡಿದರು. ತೈಲಪನು ಚೋಳರ ಮೇಲೆ ಜಯಗಳಿಸಿದನೆಂದು ಚಾಲುಕ್ಯ ಶಾಸನಗಳು ಹೇಳುತ್ತವೆ. 985ರಲ್ಲಿ ಮೊದಲನೆಯ ರಾಜರಾಜನು ಪಟ್ಟಕ್ಕೆ ಬಂದ ಮೇಲೆ ಈ ವೈರವು ತೀವ್ರವಾಯಿತು. ಬಳ್ಳಾರಿ ಸೀಮೆಯ ಕೋಗಳಿಯಲ್ಲಿ ದೊರೆತ 992ರ ಸುಮಾರಿನ ಶಾಸನವು ತೈಲಪನು ಚೋಳನನ್ನು ಸೋಲಿಸಿ 150 ಆನೆಗಳನ್ನು ವಶಪಡಿಸಿಕೊಂಡು ರೊದ್ದದಲ್ಲಿ ಬೀಡುಬಿಟ್ಟಿದ್ದುದನ್ನು ತಿಳಿಸುತ್ತದೆ.

ಈ ಗೆಲುವು ಶಾಶ್ವತ ಪರಿಹಾರವಾಗಲಿಲ್ಲ. ಗಂಗರು ಮತ್ತು ನೊಳಂಬರು ದುರ್ಬಲರಾದುದರಿಂದ ತುಂಗಭದ್ರೆಯ ದಕ್ಷಿಣದಲ್ಲಿ ಚಾಲುಕ್ಯರಿಗೂ ಚೋಳರಿಗೂ ನಡುವೆ ಇದ್ದ ರಾಜ್ಯಗಳು ಇಲ್ಲವಾದವು. ಇದರಿಂದ ಎರಡು ದೊಡ್ಡ ಶಕ್ತಿಗಳು ನೇರವಾಗಿ ಮುಖಾಮುಖಿಯಾಗಿ, ನೂರು ವರ್ಷಗಳಿಗೂ ಹೆಚ್ಚು ಕಾಲ ನಡೆದ ಚಾಲುಕ್ಯ–ಚೋಳ ಕದನಗಳು ತೈಲಪನ ಕಾಲದಲ್ಲಿಯೇ ಮೊದಲಾದವು.

ಪರಮಾರ ಮುಂಜನೊಡನೆ ಯುದ್ಧ

ತೈಲಪನ ಹೆಸರು ಕರ್ನಾಟಕದ ಹೊರಗೆ ಹೆಚ್ಚು ಪ್ರಸಿದ್ಧವಾಗಿರುವುದು ಮಾಳವದ ಪರಮಾರ ಅರಸ ಮುಂಜನೊಡನೆ ನಡೆದ ಯುದ್ಧದಿಂದ. ಮುಂಜನು ಮಾನ್ಯಖೇಟವನ್ನು ಸೂರೆಗೊಂಡ ಸೀಯಕನ ಉತ್ತರಾಧಿಕಾರಿ. ವಾಕ್ಪತಿ, ಉತ್ಪಲ ಎಂಬ ಹೆಸರುಗಳೂ ಆತನಿಗಿದ್ದವು. ಕವಿಯೂ ಕವಿಗಳ ಆಶ್ರಯದಾತನೂ ಆಗಿದ್ದ ಈತನು ಅಮೋಘವರ್ಷ, ಶ್ರೀವಲ್ಲಭ, ಪೃಥ್ವೀವಲ್ಲಭ ಎಂಬ ಬಿರುದುಗಳನ್ನು ಧರಿಸಿದ್ದನು. ಇವು ರಾಷ್ಟ್ರಕೂಟ ಚಕ್ರವರ್ತಿಗಳ ಬಿರುದುಗಳು. ತೈಲಪನೂ ಶ್ರೀಪೃಥ್ವೀವಲ್ಲಭನೆನಿಸಿಕೊಂಡಿದ್ದನು. ಹೀಗೆ ಇಬ್ಬರೂ ಅಳಿದುಹೋದ ಒಂದೇ ಸಾಮ್ರಾಜ್ಯದ ಉತ್ತರಾಧಿಕಾರಕ್ಕಾಗಿ ಸ್ಪರ್ಧಿಸುತ್ತಿದ್ದರು.

ಮುಂಜನು ತೈಲಪನನ್ನು ಆರು ಬಾರಿ ಸೋಲಿಸಿದ್ದನೆಂದೂ, ಗೋದಾವರಿಯನ್ನು ದಾಟಬಾರದೆಂಬ ಮಂತ್ರಿ ರುದ್ರಾದಿತ್ಯನ ಸಲಹೆಯನ್ನು ಮೀರಿ ಮತ್ತೆ ದಂಡೆತ್ತಿ ಬಂದು ಸೆರೆಸಿಕ್ಕನೆಂದೂ ಜೈನ ಗ್ರಂಥಕಾರ ಮೇರುತುಂಗನ ಪ್ರಬಂಧಚಿಂತಾಮಣಿ ಹೇಳುತ್ತದೆ. ಅದರಂತೆ ಸೆರೆಯಲ್ಲಿದ್ದ ಮುಂಜನಿಗೂ ತೈಲಪನ ಸೋದರಿ ಮೃಣಾಲವತಿಗೂ ಪ್ರೇಮ ಬೆಳೆಯಿತು. ಮುಂಜನು ತಪ್ಪಿಸಿಕೊಳ್ಳಲು ಹೂಡಿದ್ದ ಉಪಾಯವನ್ನು ಆಕೆ ಬಯಲುಮಾಡಿದಳು. ತೈಲಪನು ಆತನನ್ನು ಮನೆಮನೆಗೆ ಭಿಕ್ಷೆಗೆ ಅಲೆಸಿ ಅವಮಾನಗೊಳಿಸಿ ಕೊಲ್ಲಿಸಿದನು.

ಮೇರುತುಂಗನು ಈ ಕೃತಿಯನ್ನು ಬರೆದುದು ಹದಿನಾಲ್ಕನೆಯ ಶತಮಾನದ ಆರಂಭದಲ್ಲಿ, ಘಟನೆಯಾಗಿ ಮುನ್ನೂರು ವರ್ಷಗಳ ಮೇಲೆ. ಆದ್ದರಿಂದ ಪ್ರೇಮಪ್ರಸಂಗ ಮತ್ತು ಚಿತ್ರಹಿಂಸೆಯ ವಿವರಗಳನ್ನು ಇತಿಹಾಸಕಾರರು ಕಥೆಯೆಂದೇ ಪರಿಗಣಿಸುತ್ತಾರೆ. ಆದರೆ ಮುಂಜನು ಸೆರೆಸಿಕ್ಕಿದ್ದು ನಿಜ. ಉತ್ಪಲನನ್ನು ತೈಲಪನು ಸೆರೆಯಲ್ಲಿಟ್ಟನೆಂದು ಕೌಠೇಂ ಶಾಸನ ತಿಳಿಸುತ್ತದೆ. ಈ ಯುದ್ಧದಲ್ಲಿ ಯಾದವ ಭಿಲ್ಲಮನ ಪಾತ್ರವನ್ನು ಕ್ರಿ.ಶ. 1000ದ ಸಂಗಮನೇರ ಶಾಸನ ಸೂಚಿಸುತ್ತದೆ. ಜೈನ ಲೇಖಕ ಅಮಿತಗತಿಯು 994ರ ಸುಮಾರಿನಲ್ಲಿ ಮುಂಜನ ಆಳ್ವಿಕೆಯಲ್ಲಿ ತನ್ನ ಕೃತಿಯನ್ನು ಮುಗಿಸಿದ್ದಾನೆ. ತೈಲಪನ ಆಳ್ವಿಕೆ ಕೊನೆಗೊಂಡುದು 997ರಲ್ಲಿ. ಆದ್ದರಿಂದ ಮುಂಜನ ಮರಣವು ಈ ಎರಡು ವರ್ಷಗಳ ನಡುವೆ ಸಂಭವಿಸಿತೆಂದು ನಿರ್ಧರಿಸಲಾಗಿದೆ.

ಆಡಳಿತ

ತೈಲಪನ ಆಡಳಿತವು ಬಹುಮಟ್ಟಿಗೆ ರಾಷ್ಟ್ರಕೂಟರ ವ್ಯವಸ್ಥೆಯ ಮುಂದುವರಿಕೆಯಾಗಿತ್ತು. ತರ್ದವಾಡಿ ಸಾವಿರ, ಕೂಂಡಿ ಮೂರು ಸಾವಿರ, ಬೆಳ್ವೊಲ ಮುನ್ನೂರು, ಪುಲಿಗೆರೆ ಮುನ್ನೂರು, ಬನವಾಸಿ ಹನ್ನೆರಡು ಸಾವಿರ ಎಂಬ ಸಂಖ್ಯಾಸೂಚಕ ನಾಡುಗಳು ಹಾಗೆಯೇ ಉಳಿದವು. ಅವುಗಳನ್ನು ಆಳುವ ಮಹಾಸಾಮಂತರು, ಕೆಳಗಿನ ಹಂತದ ನಾಳ್ಗಾವುಂಡರು ಮತ್ತು ಊರ ಗಾವುಂಡರು ತಮ್ಮ ಸ್ಥಾನಗಳಲ್ಲಿ ಮುಂದುವರಿದರು. ಮೇಲಿನ ಒಡೆಯನ ಹೆಸರು ಬದಲಾದರೂ ಊರ ಮಟ್ಟದಲ್ಲಿ ದತ್ತಿ, ತೆರಿಗೆ, ನ್ಯಾಯಗಳ ರೀತಿ ಬದಲಾಗಲಿಲ್ಲ. ಹೊಸ ರಾಜ್ಯವು ಒಂದು ತಲೆಮಾರಿನೊಳಗೆ ನೆಲೆಯೂರಲು ಇದೂ ಒಂದು ಕಾರಣ.

ಸಮಸ್ತಭುವನಾಶ್ರಯ, ಶ್ರೀಪೃಥ್ವೀವಲ್ಲಭ, ಮಹಾರಾಜಾಧಿರಾಜ, ಪರಮೇಶ್ವರ, ಪರಮಭಟ್ಟಾರಕ, ಸತ್ಯಾಶ್ರಯಕುಲತಿಲಕ, ಚಾಲುಕ್ಯಾಭರಣ ಎಂಬುದು ಈ ವಂಶದ ಅರಸರ ಬಿರುದುಗಳ ಸಾಲು. ಇದರ ಮೊದಲ ಭಾಗವು ಸಾರ್ವಭೌಮತ್ವವನ್ನೂ ಕೊನೆಯ ಎರಡು ಬಿರುದುಗಳು ಬಾದಾಮಿಯ ವಾರಸಿಕೆಯನ್ನೂ ಸಾರುತ್ತವೆ.

ಮಂತ್ರಿ ಮತ್ತು ಸೇನಾನಿಗಳಲ್ಲಿ ಜೈನ ಮನೆತನಗಳು ಪ್ರಭಾವಶಾಲಿಯಾಗಿದ್ದವು. ದಲ್ಲಪನು ತೈಲಪನ ಮಹಾಮಂತ್ರಿಯಾಗಿದ್ದನು. ಪಾಂಚಾಲನೊಡನೆ ಕಾದಿದ ನಾಗದೇವನು ಈತನ ಮಗ. ನಾಗದೇವನ ಹೆಂಡತಿಯರಾದ ಅತ್ತಿಮಬ್ಬೆ ಮತ್ತು ಗುಂಡಮಬ್ಬೆಯರು ಸೇನಾನಿ ಮಲ್ಲಪಯ್ಯನ ಮಕ್ಕಳು. ನಾಗದೇವನು ಮಡಿದಾಗ ಗುಂಡಮಬ್ಬೆ ಸಹಗಮನ ಮಾಡಿದಳು. ಅತ್ತಿಮಬ್ಬೆಯು ಬದುಕುಳಿದು ಮಗ ಪಡೆವಳ ತೈಲನನ್ನು ಬೆಳೆಸಿ, ದಾನಧರ್ಮಗಳಿಂದ ದಾನಚಿಂತಾಮಣಿಯೆನಿಸಿದಳು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ ಆಕೆ, ಸತ್ಯಾಶ್ರಯನ ಕಾಲದಲ್ಲಿ ಲಕ್ಕುಂಡಿಯ ಜಿನಾಲಯವನ್ನು ಕಟ್ಟಿಸಿದಳು.

ಮುಧೋಳ–ಜಮಖಂಡಿ ನಾಡು ಮತ್ತು ರನ್ನ

ತೈಲಪನ ಕಾಲದ ಸಾಹಿತ್ಯದಲ್ಲಿ ಅಗ್ರಸ್ಥಾನ ರನ್ನನದು. ರನ್ನನು 949ರಲ್ಲಿ ಮುದುವೊಳಲಿನಲ್ಲಿ, ಎಂದರೆ ಇಂದಿನ ಮುಧೋಳದಲ್ಲಿ, ಬಳೆಗಾರ ಕುಲದ ಜಿನವಲ್ಲಭ ಮತ್ತು ಅಬ್ಬಲಬ್ಬೆಯರ ಮಗನಾಗಿ ಹುಟ್ಟಿದನು. ತನ್ನ ಊರು ಬೆಳುಗಲಿ ಐನೂರರ ಒಳಗಿನ ಜಂಬುಖಂಡಿ ಎಪ್ಪತ್ತಕ್ಕೆ ಸೇರಿದೆಯೆಂದು ಅಜಿತಪುರಾಣದಲ್ಲಿ ಹೇಳಿಕೊಂಡಿದ್ದಾನೆ. ಜಂಬುಖಂಡಿ ಇಂದಿನ ಜಮಖಂಡಿ. ಬೆಳುಗಲಿಯ ಹೆಸರು ಮುಧೋಳದ ಸಮೀಪದ ರನ್ನಬೆಳಗಲಿಯಲ್ಲಿ ಉಳಿದುಕೊಂಡಿದೆ. ಹತ್ತನೆಯ ಶತಮಾನದಲ್ಲಿ ಕೃಷ್ಣಾ–ಘಟಪ್ರಭೆಗಳ ನಡುವಣ ಈ ಪ್ರದೇಶದ ಆಡಳಿತ ವಿಭಾಗಗಳು ಹೇಗಿದ್ದವೆಂಬುದಕ್ಕೆ ಕವಿಯ ಈ ಮಾತು ಉಪಯುಕ್ತ ಆಧಾರವಾಗಿದೆ.

ರನ್ನನ ಬದುಕು ಅಂದಿನ ರಾಜಕೀಯ ಪಲ್ಲಟಕ್ಕೆ ಕನ್ನಡಿ ಹಿಡಿಯುತ್ತದೆ. ವಿದ್ಯೆಯನ್ನರಸಿ ಗಂಗವಾಡಿಗೆ ಹೋದ ಆತನು ಅಜಿತಸೇನಾಚಾರ್ಯನ ಶಿಷ್ಯನಾಗಿ ಗಂಗರ ಮಂತ್ರಿ ಚಾವುಂಡರಾಯನ ಆಶ್ರಯ ಪಡೆದನು. ಗಂಗರು ಆ ಕಾಲದಲ್ಲಿ ತೈಲಪನ ವಿರೋಧಿಗಳು. ತೈಲಪನನ್ನು ತಡೆಯಲಾರದೆ ಮಾರಸಿಂಹನು ದೇಹತ್ಯಾಗ ಮಾಡಿದುದು ಇದೇ ಅಜಿತಸೇನನ ಸನ್ನಿಧಿಯಲ್ಲಿ. ಗಂಗರ ಪ್ರಭಾವ ಇಳಿಮುಖವಾದ ಮೇಲೆ ರನ್ನನು ತನ್ನ ನಾಡಿನ ಹೊಸ ಒಡೆಯನ ಆಸ್ಥಾನಕ್ಕೆ ಬಂದನು. ಎದುರಾಳಿಗಳ ಆಶ್ರಯದಲ್ಲಿ ಬೆಳೆದ, ಅರಸುಕುಲವೂ ಮಂತ್ರಿಕುಲವೂ ಅಲ್ಲದ ಮನೆಯಿಂದ ಬಂದ ಕವಿಯನ್ನು ತೈಲಪನು ಕವಿಚಕ್ರವರ್ತಿಯೆಂದು ಗೌರವಿಸಿ ಬೆಳ್ಗೊಡೆ, ಚಾಮರ, ಆನೆಗಳ ಮರ್ಯಾದೆಯನ್ನಿತ್ತನು.

ಈ ಗೌರವಕ್ಕೆ ರಾಜಕೀಯ ಅರ್ಥವೂ ಇತ್ತು. ಮುಮ್ಮಡಿ ಕೃಷ್ಣನು ಪೊನ್ನನಿಗೆ ಉಭಯಕವಿಚಕ್ರವರ್ತಿ ಎಂಬ ಬಿರುದನ್ನಿತ್ತಿದ್ದನು. ಕವಿಗೆ ಚಕ್ರವರ್ತಿತ್ವವನ್ನು ಕೊಡುವ ಅಧಿಕಾರ ಚಕ್ರವರ್ತಿಯದು. ಅದೇ ಬಗೆಯ ಬಿರುದನ್ನು ಕೊಟ್ಟು ತೈಲಪನು ಮಾನ್ಯಖೇಟದ ಆಸ್ಥಾನ ಪರಂಪರೆಯನ್ನು ತನ್ನದಾಗಿಸಿಕೊಂಡನು.

ಅತ್ತಿಮಬ್ಬೆಯ ಆಶ್ರಯದಲ್ಲಿ ರನ್ನನು 993ರಲ್ಲಿ ಅಜಿತಪುರಾಣವನ್ನು ಮುಗಿಸಿದನು. ಆತನ ಸಾಹಸಭೀಮವಿಜಯ ಅಥವಾ ಗದಾಯುದ್ಧದ ನಾಯಕನಾದ ಭೀಮನೊಂದಿಗೆ ತೈಲಪನ ಮಗ ಸತ್ಯಾಶ್ರಯನನ್ನು ಸಮೀಕರಿಸಲಾಗಿದೆ. ಕಾವ್ಯದ ಆರಂಭಭಾಗದಲ್ಲಿ ಚಾಲುಕ್ಯ ವಂಶದ ವರ್ಣನೆಯೂ ಸತ್ಯಾಶ್ರಯನ ಪರಾಕ್ರಮಗಳೂ ಬಂದಿವೆ. ಕೌಠೇಂ ಶಾಸನದಲ್ಲಿ ಸಂಸ್ಕೃತದಲ್ಲಿ ವಿಸ್ತಾರವಾಗಿ ದಾಖಲಾದ ವಾರಸಿಕೆಯ ಹಕ್ಕು ಕನ್ನಡದಲ್ಲಿ ಜನರನ್ನು ಮುಟ್ಟಿದುದು ಮುಧೋಳದ ಈ ಕವಿಯ ಮೂಲಕ.

ಮರಣ ಮತ್ತು ಉತ್ತರಾಧಿಕಾರ

957ರ ಶಾಸನದಿಂದ ಲೆಕ್ಕಹಾಕಿದರೆ ತೈಲಪನು ಸಾಮಂತನಾಗಿಯೂ ಅರಸನಾಗಿಯೂ ನಲವತ್ತು ವರ್ಷ ಅಧಿಕಾರದಲ್ಲಿದ್ದನು. 997ರಲ್ಲಿ ಆತನ ಆಳ್ವಿಕೆ ಕೊನೆಗೊಂಡು, ಇರಿವಬೆಡಂಗನೆಂಬ ಬಿರುದಿನ ಸತ್ಯಾಶ್ರಯನು ಪಟ್ಟವೇರಿದನು. ತಂದೆಯ ಕಾಲದಲ್ಲಿಯೇ ಯುದ್ಧಗಳಲ್ಲಿ ಪಳಗಿದ್ದ ಸತ್ಯಾಶ್ರಯನಿಗೆ ಉತ್ತರಾಧಿಕಾರದ ಕಲಹವನ್ನು ಎದುರಿಸಬೇಕಾಗಲಿಲ್ಲ. ಆದರೆ ಚೋಳರ ದಾಳಿ ಮುಂದುವರಿಯಿತು. 1007ರ ಹೊಟ್ಟೂರು ಶಾಸನವು ಚೋಳಸೇನೆಯು ವಿಜಯಪುರ ಸೀಮೆಯ ದೋಣೂರಿನವರೆಗೂ ಬಂದು ನಾಡನ್ನು ಹಾಳುಗೆಡವಿದುದನ್ನೂ ಸತ್ಯಾಶ್ರಯನು ಅದನ್ನು ಹಿಮ್ಮೆಟ್ಟಿಸಿದುದನ್ನೂ ವರ್ಣಿಸುತ್ತದೆ. ಸತ್ಯಾಶ್ರಯನ ಬಳಿಕ ದಶವರ್ಮನ ಮಕ್ಕಳು ರಾಜ್ಯವಾಳಿದರು. ಮುಂದಿನ ಅರಸರೆಲ್ಲರೂ ಈ ಶಾಖೆಯವರೇ.

ಪರಂಪರೆ

ತೈಲಪನು ಕಟ್ಟಿದ ರಾಜ್ಯವು ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ಉಚ್ಛ್ರಾಯಕ್ಕೇರಿತು. ಆ ಕಾಲದಲ್ಲಿ ತೇರದಾಳದ ಮಾಂಡಲಿಕ ಗೊಂಕನು ಕಟ್ಟಿಸಿದ ಜಿನಾಲಯದ ಶಾಸನವು ರಟ್ಟರ ಕೂಂಡಿ ನಾಡು ಇನ್ನೂ ಚಾಲುಕ್ಯರ ಅಧೀನದಲ್ಲಿದ್ದುದನ್ನು ತೋರಿಸುತ್ತದೆ.

ವಂಶದ ಅಂತ್ಯವು ಅದರ ಆರಂಭವನ್ನು ಹೋಲುತ್ತದೆ. ಹನ್ನೆರಡನೆಯ ಶತಮಾನದ ಮಧ್ಯದಲ್ಲಿ ಮಹಾಮಂಡಲೇಶ್ವರನಾಗಿ ತರ್ದವಾಡಿ ಸಾವಿರವನ್ನು ಆಳುತ್ತಿದ್ದ ಕಳಚುರಿ ಬಿಜ್ಜಳನು ಚಾಲುಕ್ಯ ಸಿಂಹಾಸನವನ್ನು ಕಸಿದುಕೊಂಡನು. ಆಗ ಅಧಿಕಾರ ಕಳೆದುಕೊಂಡ ಅರಸನ ಹೆಸರು ಮುಮ್ಮಡಿ ತೈಲಪ. ಇಮ್ಮಡಿ ತೈಲಪನು ಯಾವ ನಾಡಿನ ಸಾಮಂತನಾಗಿದ್ದು ತನ್ನ ಒಡೆಯನನ್ನು ಇಳಿಸಿದ್ದನೋ ಅದೇ ನಾಡಿನ ಸಾಮಂತನಿಂದ ಆತನ ವಂಶವೂ ಪದಚ್ಯುತವಾಯಿತು. ದೊಡ್ಡ ನಾಡುಗಳನ್ನು ಸಾಮಂತರಿಗೆ ವಹಿಸಿ ಅವರ ನಿಷ್ಠೆಯನ್ನೇ ನೆಚ್ಚುವ ವ್ಯವಸ್ಥೆಯನ್ನು ತೈಲಪನು ಬದಲಿಸದೆ ಮುಂದುವರಿಸಿದ್ದನು. ಆತನ ಏಳಿಗೆಗೆ ದಾರಿಮಾಡಿದ ಆ ವ್ಯವಸ್ಥೆಯೇ ವಂಶದ ಪತನಕ್ಕೂ ದಾರಿಮಾಡಿತು.

ಜನಮಾನಸದಲ್ಲಿ ತೈಲಪನ ಎರಡು ಚಿತ್ರಗಳು ಉಳಿದಿವೆ. ಗುಜರಾತ್ ಮತ್ತು ಮಾಳವದ ಕಥನಗಳಲ್ಲಿ ಆತನು ಕವಿರಾಜ ಮುಂಜನನ್ನು ಅವಮಾನಿಸಿ ಕೊಂದ ಕ್ರೂರಿ. ಕ. ಮಾ. ಮುನ್ಶಿಯವರ ಗುಜರಾತಿ ಕಾದಂಬರಿ ಪೃಥಿವೀವಲ್ಲಭ ಮತ್ತು ಅದನ್ನಾಧರಿಸಿ ಸೊಹ್ರಾಬ್ ಮೋದಿ 1943ರಲ್ಲಿ ನಿರ್ಮಿಸಿದ ಹಿಂದಿ ಚಲನಚಿತ್ರವು ಈ ಚಿತ್ರವನ್ನು ದೇಶದಾದ್ಯಂತ ಹರಡಿದವು. ಕನ್ನಡದಲ್ಲಿ ಆತನು ಚಾಲುಕ್ಯ ರಾಜ್ಯವನ್ನು ಮರಳಿ ಸ್ಥಾಪಿಸಿದವನು, ಬಳೆಗಾರರ ಮನೆಯ ಮಗನನ್ನು ಕವಿಚಕ್ರವರ್ತಿಯೆಂದು ಗುರುತಿಸಿದವನು. ಮುಧೋಳದಲ್ಲಿ ರನ್ನನ ಹೆಸರಿನಲ್ಲಿ ಭವನ, ಉತ್ಸವ, ಸಕ್ಕರೆ ಕಾರ್ಖಾನೆಗಳಿವೆ. ತೈಲಪನ ಹೆಸರು ಅಲ್ಲಿ ಕವಿಯ ಕಥೆಯ ಜೊತೆಯಲ್ಲಿ ನೆನಪಾಗುತ್ತದೆ.